ಮೆಣಸಿನಕಾಯಿ ಮುಟ್ಟಿದ ಕೈ

ಬ್ಯಾಡಗಿಯಲ್ಲಿ ನಮ್ಮ ಪಕ್ಕದ ಮನೆಯಾಕೆ ದಿನವಿಡೀ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಹತ್ತಿರ ಸುಳಿದವರಿಗೆಲ್ಲ ಒಂದೇ ಮಾತು: "ಕೈ ತೊಳಕೊಳ್ಳದ ಕಣ್ಣ ಮುಟ್ಟಬ್ಯಾಡ್ರಿ."

ತೊಂಬತ್ತರ ದಶಕದ ಮಾತು. ಒಂದು ಭಾನುವಾರ ಆಕೆಯ ಪಡಸಾಲೆಯಲ್ಲಿ ನಾಲ್ಕಾರು ಕ್ರೈಸ್ತರು ಪ್ರಾರ್ಥನೆಗೆ ಕೂತಿದ್ದಾಗ ಬಡಿಗೆ ಹಿಡಿದ ಗುಂಪು ನುಗ್ಗಿತು. ಶಿಲುಬೆ ಮುರಿದರು, ಆಕೆಯ ಗಂಡನ ತಲೆ ಒಡೆದರು. ನಾನು ನಮ್ಮ ಬಾಗಿಲಿಗೆ ಅಗಳಿ ಹಾಕಿ ಕಿಟಕಿಯಿಂದ ನೋಡುತ್ತಿದ್ದೆ. ಅವರಲ್ಲೊಬ್ಬ ಬಡಿಗೆಯನ್ನು ಕಂಕುಳಲ್ಲಿ ಒತ್ತಿಕೊಂಡು ಅಂಗಳದ ಮೆಣಸಿನಕಾಯಿಯನ್ನು ಬೊಗಸೆಬೊಗಸೆ ಹಿಸುಕಿ ಬೀದಿಗೆ ಚೆಲ್ಲಿದ. ಅದೇ ಕೈಯಿಂದ ಮುಖದ ಬೆವರು ಒರೆಸಿಕೊಂಡು ಚೀರಿದ.

ಗಂಡನ ತಲೆಗೆ ಸೆರಗು ಒತ್ತಿ ಹಿಡಿದಿದ್ದ ಆಕೆ ಕೂಗಿದಳು: "ತಿಕ್ಕಬ್ಯಾಡೋ! ಮೊದಲ ಕೈಗೆ ಎಣ್ಣಿ ಹಚ್ಚಿ ತೊಳಕೊ. ಡಬ್ಬಿ ಕಟ್ಟಿ ಮ್ಯಾಲ ಐತಿ."

ಅವನು ಕಣ್ಮುಚ್ಚಿಕೊಂಡು ಡಬ್ಬಿಗಾಗಿ ಕಟ್ಟೆ ತಡಕಾಡಿದ. ಕಂಕುಳಿನ ಬಡಿಗೆಯನ್ನು ಮಾತ್ರ ಕೆಳಗಿಡಲಿಲ್ಲ.