ದೀನೆ ಅಂದರೆ ಎಷ್ಟು ಹೊತ್ತಿಗೆ?

ನಾವು ಹಣ್ಣು ಕೀಳುವ ಸೇಬಿನ ತೋಟದಲ್ಲಿ ಅಕುವಿಯನ್ನು ಮೊದಮೊದಲು ಯಾರೂ ಇಷ್ಟಪಡಲಿಲ್ಲ. ನಾನಂತೂ ಇಲ್ಲವೇ ಇಲ್ಲ. ಆಫ್ರಿಕಾದ ಟೋಗೋದಿಂದ ಬಂದು ಮೂರು ತಿಂಗಳಾಗಿರಲಿಲ್ಲ, ಏಣಿ ಮೇಲೆ ನಿಂತು ಕೆನಡಾದ ಈ ಕ್ವೆಬೆಕ್ಕಿನವರ ಫ್ರೆಂಚನ್ನೇ ತಿದ್ದುತ್ತಿದ್ದಳು. "ನಮ್ಮ ಕಾನ್ವೆಂಟಲ್ಲಿ ಹಿಂಗೆ ಮಾತಾಡಿದ್ರೆ ಕಿವಿ ಹಿಂಡ್ತಿದ್ರು" ಅನ್ನುವಳು. ಆದರೆ ಕೈ ಬಲು ಚುರುಕು. ನಾವು ಮೂರು ಬುಟ್ಟಿ ತುಂಬುವಷ್ಟರಲ್ಲಿ ಅವಳದು ನಾಲ್ಕು, ಒಂದು ಹಣ್ಣಿಗೂ ಪೆಟ್ಟಿಲ್ಲ. ಮೇಪಲ್ ಎಲೆ ಕೆಂಪಾಗಿ ಚಳಿ ಶುರುವಾದಾಗ ಹಲ್ಲು ಕಟಕಟ ಅನ್ನುತ್ತಿದ್ದರೂ ಹಾಡು ನಿಲ್ಲಿಸಲಿಲ್ಲ.

ಅಕ್ಟೋಬರಿನ ಕೃತಜ್ಞತೆಯ ಹಬ್ಬಕ್ಕೆ ತೋಟದೊಡತಿ ತೆರಿಯೆನ್ ಅಮ್ಮ ಕೆಲಸದವರನ್ನೆಲ್ಲ ಊಟಕ್ಕೆ ಕರೆಯುತ್ತಾರೆ. ಕುಂಬಳಕಾಯಿ ಪೈ ಮುಗಿದ ಮೇಲೆ, ಚಳಿಗಾಲಕ್ಕೆ ಸೇಬಿನ ರಸ ಹಿಂಡುವ ಮನೆಯಲ್ಲಿ ಕೆಲಸಕ್ಕೆ ಉಳಿಯುವ ಒಬ್ಬರ ಹೆಸರು ಹೇಳುತ್ತಾರೆ. ಮಿಕ್ಕವರು ಗಂಟುಮೂಟೆ ಕಟ್ಟಬೇಕು. ಈ ಸಲ ನಾನೋ ಅಕುವಿಯೋ, ಇಬ್ಬರಲ್ಲೊಬ್ಬರು ಎಂದು ಎಲ್ಲರಿಗೂ ಗೊತ್ತಿತ್ತು.

"ಸೋಮವಾರ ದೀನೆಗೆ ಬನ್ನಿ" ಎಂದರು ಅಮ್ಮ. ಇಲ್ಲಿ ದೀನೆ ಎಂದರೆ ಮಧ್ಯಾಹ್ನದ ಊಟ. ನಮ್ಮ ಹೈಟಿಯಲ್ಲೂ ಹಾಗೆಯೇ. ಅಕುವಿಯ ಕಾನ್ವೆಂಟ್ ಫ್ರೆಂಚಿನಲ್ಲಿ ಅದು ರಾತ್ರಿಯೂಟ.

"ಮಿರ್ಲಾಂದಕ್ಕ, ಶೇಂಗಾ ಅರೆದು ಕೋಳಿ ಸಾರು ಮಾಡ್ಕೊಂಡು ಆರು ಗಂಟೆಗೆ ಬರ್ತೀನಿ. ಸರಿಹೋಗತ್ತಾ?" ಎಂದು ಅಕುವಿ ನನ್ನನ್ನು ಕೇಳಿದಳು.

"ಎಲ್ಲರ ಮಾತು ತಿದ್ದೋಳು ನೀನು, ನನ್ನ ಕೇಳ್ತೀಯಾ?" ಎಂದು ನಕ್ಕೆ. ಅವಳೂ ನಕ್ಕಳು. ಮಧ್ಯಾಹ್ನಕ್ಕೇ ಬಾ ಎಂದು ನಾನು ಹೇಳಲಿಲ್ಲ. ನನಗೆ ಆ ಕೆಲಸ ಬೇಕಿತ್ತು. ಬೇರೆ ಯಾವ ಕಾರಣವೂ ಇರಲಿಲ್ಲ.

ಸೋಮವಾರ ಮಧ್ಯಾಹ್ನ ಅವಳ ಕುರ್ಚಿ ಖಾಲಿ ಇತ್ತು. ಟರ್ಕಿ ಕೋಳಿ ಆರಿತು, ಅಮ್ಮನ ಮುಖ ಗಂಟಾಯಿತು. ಪೈ ಮುಗಿದದ್ದೇ ನನ್ನ ಹೆಸರು ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಎಲ್ಲರೂ ಹೋದ ಮೇಲೆ ನಾನು ಅಮ್ಮನ ಜೊತೆ ಪಾತ್ರೆ ತಿಕ್ಕಲು ಉಳಿದೆ. ಸರಿಯಾಗಿ ಆರಕ್ಕೆ ಬಾಗಿಲು ಬಡಿದ ಸದ್ದಾಯಿತು. ಹೂವಿನ ಬಟ್ಟೆ, ಅದರ ಮೇಲೆ ಯಾರದೋ ದೊಗಳೆ ಕೋಟು, ಎರಡೂ ಕೈಯಲ್ಲಿ ಹಬೆಯಾಡುವ ಪಾತ್ರೆ: ಅಕುವಿ.

"ಈಗ ಬಂದ್ಯಾ? ನಿನಗೋಸ್ಕರ ಒಂದು ಗಂಟೆ ಕಾದ್ವಿ!" ಅಮ್ಮ ರೇಗಿದರು.

"ದೀನೆಗೆ ಅಂದ್ರಿ ಅಮ್ಮಾವ್ರೆ. ಹೊತ್ತಿಗೆ ಸರಿಯಾಗಿ ಬಂದಿದೀನಿ."

"ದೀನೆ ಮಧ್ಯಾಹ್ನ ಕಣೇ! ಸಂಜೆದು ಸೂಪೆ! ಇಷ್ಟೂ ಯಾರೂ ಹೇಳ್ಲಿಲ್ವಾ ನಿಂಗೆ?"

ಅಕುವಿ ನನ್ನನ್ನೇ ನೋಡಿದಳು. ಎಲ್ಲ ತಿಳಿದುಹೋಯಿತು ಅವಳಿಗೆ. ನಾನು ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯತೊಡಗಿದೆ.

"ನಾನು ಯಾರನ್ನೂ ಕೇಳ್ಲಿಲ್ಲ. ಬಂದಿದ್ದು ಸೂಪೆಗಾದ್ರೆ ಸೂಪೆನೇ ಮಾಡೋಣ. ತಟ್ಟೆ ಕೊಡಿ" ಎಂದು ಕೋಟು ಬಿಚ್ಚಿ, ತನ್ನ ಮನೆಯೆನ್ನುವಂತೆ ಬಡಿಸಲು ನಿಂತಳು. ಮೊದಲು ಬಡಿಸಿದ್ದು ನನಗೆ.

ನಾಚಿಕೆಯಿಂದ ಸತ್ತುಹೋಗುವಂತಾಯಿತು.

"ಅವಳು ಕೇಳಿದ್ಲು ಅಮ್ಮಾವ್ರೆ. ಗೊತ್ತಿದ್ದೂ ನಾನೇ ಹೇಳ್ಲಿಲ್ಲ" ಎಂದೆ.

ಅಮ್ಮ ತಟ್ಟೆಯ ಸಾರನ್ನೆಲ್ಲ ಉಂಡು ಮುಗಿಸಿದರು. ಆಮೇಲೆ, "ಅಕುವಿ, ಆ ಕೆಲಸ ನಿಂದು, ನಾಳೆ ಬೆಳಿಗ್ಗೆ ಏಳಕ್ಕೆ ರಸದ ಮನೆಗೆ ಬಾ. ನಿಮ್ಮೂರಲ್ಲಿ ಬೆಳಿಗ್ಗೆ ಅಂದ್ರೆ ಬೆಳಿಗ್ಗೆನೇ ತಾನೆ?" ಎಂದರು.

"ಬೆಳಿಗ್ಗೆನೇ ಅಮ್ಮಾವ್ರೆ" ಎಂದಳು ಅಕುವಿ. ನನ್ನತ್ತ ತಿರುಗಿಯೂ ನೋಡದೆ, ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು.