ಎರಡು ಬೆರಳಿನಷ್ಟು ಮರ

ಮನೆಗೆ ಒಂದು ಕೋವಿ ಬರುತ್ತದೆಂದರೆ ಆಗೆಲ್ಲ ನಮ್ಮ ನೆಕ್ರಾಜೆ ಕಡೆ ಮದುವೆಯಷ್ಟು ಗೌಜಿ. ವಿಲ್ಲೇಜ್ ಆಫೀಸಿಗೆ ಹತ್ತು ಸಲ, ಪೊಲೀಸ್ ಠಾಣೆಗೆ ಹತ್ತು ಸಲ, ಕಾಸರಗೋಡಿನ ಕಲೆಕ್ಟರೇಟಿಗೆ ಇನ್ನೆಷ್ಟೋ ಸಲ ಅಲೆದು, ಬೆಳೆ ಕಾಯಲೆಂದು ಬರೆಸಿದ ಲೈಸೆನ್ಸು ಕೈಗೆ ಸಿಗುವಾಗ ಅರ್ಜಿ ಹಾಕಿದವರ ತಲೆ ಅರ್ಧ ನರೆತಿರುತ್ತಿತ್ತು. ಅಂಥ ಮನೆಯಲ್ಲಿ ಬೆಳೆದವರು ನಿಮ್ಮಲ್ಲೂ ಕೆಲವರು ಇರಬಹುದು. ನಿಮಗೆ ಆ ನೆನಪು ಸಿಹಿಯಾಗಿದ್ದರೆ ಅದು ನಿಮ್ಮ ಪುಣ್ಯ. ನನಗಂತೂ ನಮ್ಮ ಮನೆಯ ಕೋವಿಯನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನಮ್ಮ ಮನೆಯ ಯಜಮಾನರು ಅಮ್ಮನ ಅಣ್ಣ, ಸಂಜೀವ ಮಾವ. ಮದುವೆಯಾಗಿರಲಿಲ್ಲ. ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿ ದುಡಿಯುತ್ತಿದ್ದ ಕಾರಣ ನನ್ನನ್ನೂ ನನ್ನ ಅಣ್ಣ ಸುರೇಶನನ್ನೂ ಸಾಕಿದ್ದು ಮಾವನೇ. ನಮ್ಮದು ಅಳಿಯಕಟ್ಟು. ಮನೆತನ ಬೆಳೆಯುವುದು ಹೆಣ್ಣಿನಿಂದ, ಮಾವನ ಸೊತ್ತು ಬರುವುದು ತಂಗಿಯ ಮಕ್ಕಳಿಗೆ. ನಾನು ಹುಟ್ಟಿದ ದಿನ ಮಾವ "ಕುಟುಂಬಕ್ಕೆ ದೀಪ ಬಂತು" ಎಂದು ನೆರೆಕರೆಗೆಲ್ಲ ಸಕ್ಕರೆ ಹಂಚಿದ್ದರಂತೆ. ಅದನ್ನು ಕೇಳಿ ಕೇಳಿ ನಾನು ಉಬ್ಬಿಹೋಗಿದ್ದೆ. ಈ ಮನೆಯಲ್ಲಿ ಎಂತ ಬಂದರೂ ಅದರಲ್ಲಿ ನನ್ನದೂ ಒಂದು ಪಾಲು ಉಂಟು ಎಂದು ನಂಬಿದ್ದೆ. ಮಕ್ಕಳ ಬುದ್ಧಿ, ಇನ್ನೆಂತ!

ಲೈಸೆನ್ಸು ಬಂದದ್ದು ನನಗೆ ಹದಿಮೂರು ವರ್ಷವಾದಾಗ, ಬೇಸಿಗೆ ರಜೆಯ ಶುರುವಿನಲ್ಲಿ. ಅಲ್ಲಿಂದ ಪ್ರತಿ ಆದಿತ್ಯವಾರ ಸಂಜೆ ನಮ್ಮ ಜಗಲಿಯಲ್ಲಿ ಕೋವಿಯದ್ದೇ ಪಂಚಾತಿಕೆ. ಕುಳಿತುಕೊಳ್ಳುವವರು ಮೂವರು. ಒಬ್ಬರು ಮಾವ. ಇನ್ನೊಬ್ಬರು ಪಕ್ಕದ ಮನೆಯ ಶಂಭಟ್ರು. ಮಂಗ ಓಡಿಸುವ ಏರ್ ಗನ್ ಬಿಟ್ಟು ಬೇರೆ ಕೋವಿ ಮುಟ್ಟಿದವರಲ್ಲ, ಆದರೆ ಅವರಷ್ಟು ಕೋವಿಯ ವಿಷಯ ಓದಿದವರು ಊರಲ್ಲೇ ಇರಲಿಲ್ಲ. ಮತ್ತೊಬ್ಬರು ಗುಡ್ಡೆಯಾಚೆಯ ಅಂದುಂಞಿ ಬ್ಯಾರಿ. ಅವರಲ್ಲಿ ಇಪ್ಪತ್ತು ವರ್ಷದಿಂದ ಕೋವಿ ಇತ್ತು. ಅಮ್ಮ ಹಲಸಿನ ಹಪ್ಪಳ ಕಾಯಿಸುತ್ತಿದ್ದಳು. ಪುನರ್ಪುಳಿ ಶರಬತ್ತಿನ ಲೋಟ ಹಿಡಿದು ಹೋದ ನಾನು ಅಲ್ಲೇ ಕಂಬಕ್ಕೆ ಒರಗಿ ಕೂತುಬಿಡುತ್ತಿದ್ದೆ.

"ಸಂಜೀವಣ್ಣ, ತೆಗೆಯುವುದಾದರೆ ರೈಫಲ್ಲೇ ತೆಗೀರಿ. ಗುಂಡು ಅರ್ಧ ಮೈಲು ಹೋಗ್ತದೆ" ಎನ್ನುತ್ತಿದ್ದರು ಭಟ್ರು.

"ಅರ್ಧ ಮೈಲು ಹೋಗಿ ಯಾರ ಮನೆಯ ಹಂಚು ಒಡೀಲಿಕ್ಕೆ? ನಿಮ್ಮದಾ?" ಬ್ಯಾರಿ ಹಪ್ಪಳ ಮುರಿಯುತ್ತಾ ಕೇಳುತ್ತಿದ್ದರು. "ಗೆಣಸಿಗೆ ಬರುವ ಹಂದಿ ಓಡಿಸಲಿಕ್ಕೆ ರೈಫಲ್ ಎಂತಕ್ಕೆ ಮಾರಾಯ್ರೆ? ಮೊದಲನೇ ಕೋವಿ ಒಂಟಿ ನಳಿಗೆಯದ್ದು ಸಾಕು. ಈಡಿನ ಶಬ್ದಕ್ಕೇ ಓಡ್ತದೆ ಅದು."

"ಜೋಡಿ ನಳಿಗೆ ಆದರೆ ಒಂದು ತಪ್ಪಿದರೆ ಇನ್ನೊಂದು ಉಂಟಲ್ಲ?"

"ಇನ್ನೊಂದು ಉಂಟು ಅಂತ ಗೊತ್ತಿದ್ದವನಿಗೆ ಮೊದಲನೆಯದು ತಪ್ಪಿಯೇ ತಪ್ತದೆ ಭಟ್ರೇ."

ಮಾವ ಹೊಟ್ಟೆ ಹಿಡಿದು ನಗುತ್ತಿದ್ದರು. ಬ್ಯಾರಿ ಮಾತ್ರ ಕೊನೆಗೆ ಒಂದು ಮಾತು ಬಿಡದೆ ಹೇಳುತ್ತಿದ್ದರು. "ನಳಿಗೆ ಒಂದಾ ಎರಡಾ ಅಂತ ಎಲ್ಲರೂ ಕೇಳ್ತಾರೆ. ಬಟ್ಟು ಕೈಗೆ ಸರಿ ಉಂಟಾ ಅಂತ ಒಬ್ಬನೂ ಕೇಳುವುದಿಲ್ಲ. ಬೇರೆಯವನ ಅಳತೆಯ ಕೋವಿ ಅಂದರೆ ಬೇರೆಯವನ ಚಪ್ಪಲಿ ಹಾಕಿ ಓಡಿದ ಹಾಗೆ." ಹೆಗಲಿಗೆ ಒತ್ತಿ ಹಿಡಿಯುವ ಮರದ ಭಾಗವನ್ನು ಅವರೆಲ್ಲ ಬಟ್ಟು ಎನ್ನುತ್ತಿದ್ದರು. ಮೊಣಕೈ ಮಡಚಿ ಅದರ ಒಳಬದಿಗೆ ಬಟ್ಟಿನ ತುದಿ ಒತ್ತಿದರೆ ತೋರುಬೆರಳು ಸರಿಯಾಗಿ ಟ್ರಿಗರಿಗೆ ಮುಟ್ಟಬೇಕು. ಮುಟ್ಟದಿದ್ದರೆ ಬಟ್ಟು ಉದ್ದ, ಆಚಾರಿಯನ್ನು ಕರೆಸಿ ಕಡಿಸಬೇಕು. ಇದು ಅಂದುಂಞಿ ಬ್ಯಾರಿಯ ಶಾಸ್ತ್ರ.

ಭಟ್ರ ಏರ್ ಗನ್ ಆ ರಜೆಯಲ್ಲಿ ಹೆಚ್ಚುಕಡಿಮೆ ನಮ್ಮ ಮನೆಯಲ್ಲೇ ಇತ್ತು. ಗೇರು ಮರದ ಕೊಂಬೆಯಲ್ಲಿ ತೆಂಗಿನ ಗೆರಟೆ ತೂಗಿಸಿ ಮಾವ ನಮಗಿಬ್ಬರಿಗೂ ಗುರಿ ಕಲಿಸಿದರು. ಅಣ್ಣನಿಗೆ ಶಬ್ದವೆಂದರೆ ಆಗದು. ಕಿವಿಗೆ ಹತ್ತಿ ತುರುಕಿ, ಕಣ್ಣು ಮುಚ್ಚಿ ಹೊಡೆದು, ಕ್ರಿಕೆಟ್ಟಿಗೆ ಓಡುತ್ತಿದ್ದ. ನಾನು ಬಿಡುತ್ತಿರಲಿಲ್ಲ. ಸುಟ್ಟ ಗೇರುಬೀಜದ ಹೊಗೆ ಅಂಗಳದಲ್ಲೆಲ್ಲ ತುಂಬಿರುವಾಗ, ಬೆವರು ಕಣ್ಣಿಗಿಳಿಯುವಾಗ, ಉಸಿರು ಹಿಡಿದು ಒಂದರ ಹಿಂದೆ ಒಂದು ಗೆರಟೆ ಒಡೆಯುತ್ತಿದ್ದೆ. "ಇವಳ ಕಣ್ಣು ಕಣ್ಣಲ್ಲ ಮಾರಾಯ್ರೆ, ಗಿಡುಗ!" ಎಂದು ಭಟ್ರು ಹೇಳಿದಾಗ ಮಾವನ ಮುಖ ಅರಳಿದ್ದನ್ನು ನಾನೇ ನೋಡಿದ್ದೇನೆ. ಆ ನಗುವನ್ನು ನೆಚ್ಚಿ ನಾನು ಕೆಟ್ಟೆ.

ವಿಷುವಿನ ಮರುವಾರ ಮಾವನೂ ಬ್ಯಾರಿಯೂ ರೈಲಿನಲ್ಲಿ ಕಣ್ಣೂರಿಗೆ ಹೋಗಿ ಅಲ್ಲಿನ ಒಂದು ಅಂಗಡಿಯಿಂದ ಕೋವಿ ತಂದರು. ಒಂಟಿ ನಳಿಗೆಯದ್ದು, ಹಳತು. ಮೊದಲು ಘಟ್ಟದ ಮೇಲಿನ ಒಬ್ಬ ಎಸ್ಟೇಟ್ ಧಣಿಯ ಕೈಯಲ್ಲಿತ್ತಂತೆ. ಆರೂಕಾಲು ಅಡಿಯ ಆಳು ಎಂದು ಅಂಗಡಿಯವನು ಹೇಳಿದ್ದ. ಚೀಲದಿಂದ ಹೊರಗೆ ತೆಗೆದಾಗ ಬಂದ ಆ ವಾಸನೆ, ಮೆಷಿನ್ ಎಣ್ಣೆ, ಹಳೆಯ ಮರ, ಸುಟ್ಟ ಮದ್ದು ಎಲ್ಲ ಸೇರಿದ್ದು, ಈಗಲೂ ನನ್ನ ಮೂಗಿನಲ್ಲಿ ಉಂಟು.

ಮಾವ ಗಿಡ್ಡ ಆಳು. ಬಟ್ಟನ್ನು ಮೊಣಕೈಗೆ ಒತ್ತಿ ಕೈ ಚಾಚಿದರೆ ಬೆರಳು ಟ್ರಿಗರಿನಿಂದ ಎರಡು ಬೆರಳು ಹಿಂದೆಯೇ ನಿಂತಿತು.

"ಕಡಿಸಬೇಕು" ಎಂದರು ಬ್ಯಾರಿ. ತೋಟೆ ಹಾಕಿಲ್ಲವೆಂದು ಎರಡೆರಡು ಸಲ ನೋಡಿ ಕೋವಿಯನ್ನು ಅಣ್ಣನ ಕೈಗೆ ಕೊಟ್ಟರು. ಅವನಿಗೆ ಹದಿನೈದು, ಆಗಲೇ ಮಾವನಿಗಿಂತ ಎತ್ತರ. ಅವನ ಬೆರಳು ಇನ್ನೇನು ಮುಟ್ಟುವುದರಲ್ಲಿತ್ತು. ಆಮೇಲೆ ನಾನು ಹಟ ಮಾಡಿ ಕೇಳಿದೆ. ನನ್ನದೂ ಎರಡು ಬೆರಳೇ ಕಡಿಮೆ. ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ, ಮಾವನ ಅಳತೆಯೇ ನನ್ನ ಅಳತೆ! ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕಡಿಸಿದರೆ ಆ ಕೋವಿ ಮಾವನ ನಂತರ ಕೂತುಕೊಳ್ಳುವುದು ನನ್ನ ಹೆಗಲಿಗೇ.

ಮರುದಿನ ಬೆಳಿಗ್ಗೆ ಕೃಷ್ಣ ಆಚಾರಿ ಗರಗಸ ಹಿಡಿದು ಬಂದರು. ಬಟ್ಟಿನ ಮೇಲೆ ಸೀಸದ ಕಡ್ಡಿಯಿಂದ ಗೀಟು ಎಳೆದದ್ದೂ ಆಯಿತು. ಗರಗಸ ಇಡುವಾಗ ಮಾವ "ತಡೀರಿ" ಎಂದರು.

"ಎಂತ ಸಂಜೀವಣ್ಣ?"

"ಕಡಿದರೆ ಮತ್ತೆ ಸೇರಿಸಲಿಕ್ಕೆ ಆಗ್ತದಾ?"

"ತುಂಡು ಸೇರಿಸಿದರೆ ಮೊದಲಿನ ಹಾಗೆ ಆಗುದಿಲ್ಲ. ಸಂದು ಬಿಡ್ತದೆ."

ಮಾವ ಬಟ್ಟಿನ ಮೇಲಿನ ಗೀಟನ್ನು ಹೆಬ್ಬೆರಳಿನಿಂದ ಉಜ್ಜಿದರು. ಆಮೇಲೆ, "ಹಾಗಾದರೆ ಬೇಡ. ನಾಳೆ ಹಿಡಿಯಬೇಕಾದವನು ಸುರೇಶ. ಇನ್ನೆರಡು ವರ್ಷದಲ್ಲಿ ಅವನ ಕೈಗೆ ಸರಿ ಆಗ್ತದೆ. ನಾನು ಹೇಗೂ ಸುಧಾರಿಸಿಕೊಳ್ತೇನೆ" ಎಂದರು.

ಭಟ್ರು ಅಲ್ಲೇ ಇದ್ದರು. "ಕೂಸು ಹುಟ್ಟುವ ಮೊದಲೇ ಕುಲಾವಿಯಾ ಸಂಜೀವಣ್ಣ?" ಎಂದು ತಮಾಷೆ ಮಾಡಿದರು. ಅಣ್ಣ ಜಗಲಿಯಿಂದಲೇ "ನನಗೆ ಬೇಡ ಮಾವ, ನೀವು ಕಡಿಸಿ" ಎಂದು ಕೂಗಿದ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾನು ಮಾವನ ಎದುರು ಹೋಗಿ ನಿಂತೆ. "ಕಡಿಸಿ ಮಾವ. ನನಗೆ ಸರಿ ಆಗ್ತದೆ. ನಾನು ಹಿಡೀತೇನೆ."

ಮಾವನಿಗೆ ಸಿಟ್ಟು ಬಂದಿದ್ದರೆ ನನಗೆ ಅಷ್ಟು ಬೇಸರವಾಗುತ್ತಿರಲಿಲ್ಲ. ಅವರು ನಕ್ಕರು. ಪ್ರೀತಿಯಿಂದ ತಲೆ ಸವರಿದರು. "ನೀನು ಕುಟುಂಬದ ದೀಪ ಅಲ್ವಾ ಮಗಾ? ದೀಪಕ್ಕೆ ಕೋವಿ ಎಂತಕ್ಕೆ?" ಎಂದರು. ಆಚಾರಿಯೂ ನಕ್ಕರು, ಭಟ್ರೂ ನಕ್ಕರು. ಆಚಾರಿ ಚಾ ಕುಡಿದು, ಗರಗಸ ಕಂಕುಳಲ್ಲಿ ಇಟ್ಟುಕೊಂಡು ಹೋದರು. ಮನೆತನವೆಲ್ಲ ನನ್ನ ಹೊಟ್ಟೆಯಿಂದ ಬೆಳೆಯಬೇಕು, ಕೈಗೆ ಮಾತ್ರ ಎಂತದೂ ಬರಬಾರದು! ಆ ಸಂಜೆ ಏರ್ ಗನ್ನನ್ನು ನಾನೇ ಭಟ್ರ ಮನೆಗೆ ಕೊಟ್ಟು ಬಂದೆ.

ಮಳೆ ಹಿಡಿಯಿತು. ಶಾಲೆ ಶುರುವಾಯಿತು. ಬೇಸಿಗೆಯಲ್ಲಿ ಬನಿಯನು ಹಾಕಿಕೊಂಡು ಕುತ್ತಿಗೆ ಚಾಚಿ ಹೇಗೋ ಕೋವಿ ಹಿಡಿಯುತ್ತಿದ್ದ ಮಾವನಿಗೆ ಮಳೆಗಾಲದಲ್ಲಿ ಅದು ಇನ್ನೂ ಉದ್ದವಾಯಿತು. ಅಂಗಿ, ಅದರ ಮೇಲೆ ಸ್ವೆಟರು, ಅದರ ಮೇಲೆ ಅಪ್ಪ ಬೊಂಬಾಯಿಯಿಂದ ತಂದ ದಪ್ಪ ರಬ್ಬರಿನ ರೈನ್‌ಕೋಟು. "ಈ ಕೋಟಿನಲ್ಲಿ ಬಟ್ಟು ಹೆಗಲಿಗೆ ಏರುದಿಲ್ಲ ಸಂಜೀವಣ್ಣ, ಜಾಗ್ರತೆ" ಎಂದು ಬ್ಯಾರಿ ಎಚ್ಚರಿಸಿದ್ದರು. ಮಾವ "ಹೂಂ" ಎಂದಿದ್ದರು.

ಒಂದು ದಿನ ಬೆಳಿಗ್ಗೆ, ನಾವು ಇನ್ನೂ ಗಂಜಿಗೆ ಕೂತಿರಲಿಲ್ಲ, ಮರಗೆಣಸಿನ ಗದ್ದೆಗೆ ಹಂದಿ ಹೊಕ್ಕಿದೆ ಎಂದು ಕೆಲಸದವಳು ಬೊಬ್ಬೆ ಹಾಕಿದಳು. ಮಾವ ಕೋವಿ ಹಿಡಿದು ಓಡಿದರು. ನಾನು ಬೇಲಿಯ ಹತ್ತಿರ ನಿಂತು ನೋಡುತ್ತಿದ್ದೆ. ಗದ್ದೆಯ ಆ ತುದಿಯಲ್ಲಿ ಹಂದಿ ಉಂಟೆಂದು ಎಲ್ಲರೂ ಅಂದುಕೊಂಡಿದ್ದರೆ ಅದು ಎದ್ದದ್ದು ಮಾವನ ಕಾಲ ಬುಡದಿಂದ. ಮಾವ ಕೋವಿ ಎತ್ತಿದರು. ಬಟ್ಟಿನ ತುದಿ ಕಂಕುಳಿನ ಹತ್ತಿರ ಕೋಟಿಗೆ ಸಿಕ್ಕಿಕೊಂಡಿತು. ಬಿಡಿಸಿ ಎರಡನೇ ಸಲ ಎತ್ತಿದರು. ಮತ್ತೆ ಸಿಕ್ಕಿತು. ಈಡು ಆಕಾಶಕ್ಕೆ ಹಾರಿತು, ಹಂದಿ ಮಾವನನ್ನು ಕೆಡವಿ ತೊಡೆ ಸೀಳಿಕೊಂಡು ಹೋಯಿತು. ಕೆಸರು ನೀರೆಲ್ಲ ಕೆಂಪಾಯಿತು. ಬ್ಯಾರಿ ತಮ್ಮ ಜೀಪಿನಲ್ಲಿ ಮಾವನನ್ನು ಕಾಸರಗೋಡಿಗೆ ಒಯ್ದರು, ಅಲ್ಲಿಂದ ಮಂಗಳೂರಿಗೆ ಕಳಿಸಿದರು.

ಜೀವ ಉಳಿಯಿತು. ಕಾಲು ಸರಿಯಾಗಲಿಲ್ಲ. ಒಂದೂವರೆ ತಿಂಗಳ ಮೇಲೆ ಊರುಗೋಲು ಹಿಡಿದು ಮನೆಗೆ ಬಂದ ಮಾವನನ್ನು ನೋಡಲು ಭಟ್ರೂ ಬ್ಯಾರಿಯೂ ಬಂದು ಜಗಲಿಯಲ್ಲಿ ಕೂತರು. ಹಂದಿಯ ದಾಡೆ ಎಷ್ಟು ಉದ್ದ, ಮಂಗಳೂರಿನ ಡಾಕ್ಟರು ಎಷ್ಟು ಹೊಲಿಗೆ ಹಾಕಿದರು ಎಂದೆಲ್ಲ ಮಾತಾಯಿತು. ಬಟ್ಟಿನ ಮಾತು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ಅದನ್ನೇ ವೇದದ ಹಾಗೆ ಹೇಳುತ್ತಿದ್ದ ಬ್ಯಾರಿಯೂ ನೆಲ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಆವತ್ತು ಕಡಿಸಿದ್ದರೆ ಕೋವಿ ಸಿಕ್ಕಿಕೊಳ್ತಿರಲಿಲ್ಲ. ಅಣ್ಣನಿಗೆ ಅಂತ ಇಟ್ಟದ್ದಲ್ವಾ? ಅದಕ್ಕೇ ಕಾಲು ಹೋಯ್ತು" ಎಂದುಬಿಟ್ಟೆ.

ಅಮ್ಮ ಒಳಗಿನಿಂದ ಬಂದು ಕೆನ್ನೆಗೆ ಒಂದು ಬಿಗಿದಳು. "ಮಾವನ ಅನ್ನ ತಿಂದು ಮಾವನಿಗೇ ಬುದ್ಧಿ ಹೇಳ್ತೀಯಾ? ಒಳಗೆ ನಡಿ!"

ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಬ್ಯಾರಿ ಮೆಲ್ಲಗೆ "ಇನ್ನಾದರೂ ಕಡಿಸುವಾ?" ಎಂದರು. ಮಾವ ಹೇಳಿದರು, "ಇನ್ನು ನಾನೆಲ್ಲಿ ಹಿಡಿಯುವುದು ಬ್ಯಾರಿಗಳೇ? ಸುರೇಶನಿಗೆ ಆಗ್ತದಲ್ಲ, ಇರಲಿ." ಕಾಲು ಹೋದ ಮೇಲೂ ಅದೇ ಮಾತು! ಕೆನ್ನೆಯ ಉರಿಗಿಂತ ಆ ಮಾತಿನ ಉರಿ ಹೆಚ್ಚಾಯಿತು ನನಗೆ.

ಮಾವ ಬದುಕಿದ್ದಷ್ಟು ಕಾಲ ಕೋವಿಗೆ ಎಣ್ಣೆ ಹಾಕಿದರು. ಕುಂಟುತ್ತಾ ಹೋಗಿ ಲೈಸೆನ್ಸು ಮುಂದುವರಿಸಿ ಬಂದರು. ಚುನಾವಣೆ ಬಂದಾಗಲೆಲ್ಲ ಎಲ್ಲರ ಹಾಗೆ ಅದನ್ನು ಠಾಣೆಯಲ್ಲಿ ಇಟ್ಟು, ಮುಗಿದ ಮೇಲೆ ರಿಕ್ಷಾದಲ್ಲಿ ಮನೆಗೆ ತಂದರು. ಅಣ್ಣ ಆರಡಿ ಬೆಳೆದ. ಆ ಬಟ್ಟು ಅವನ ಕೈಗೆ ಹೇಳಿ ಮಾಡಿಸಿದ ಹಾಗಿತ್ತು. ಅವನು ಒಂದು ದಿನವೂ ಅದನ್ನು ಎತ್ತಲಿಲ್ಲ. ಕಾಸರಗೋಡಿನಲ್ಲಿ ಟೈಲ್ಸ್ ಅಂಗಡಿ ಹಾಕಿದ. ನಾನು ಇಲ್ಲೇ ಶಾಲೆಯಲ್ಲಿ ಟೀಚರಾದೆ.

ಮಾವ ತೀರಿಕೊಂಡಾಗ, ಚುನಾವಣೆಗೆಂದು ಇಟ್ಟ ಕೋವಿ ಠಾಣೆಯಲ್ಲೇ ಇತ್ತು. ವಾರಸುದಾರರಲ್ಲಿ ಒಬ್ಬರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು, ಇಲ್ಲವಾದರೆ ಸರಕಾರಕ್ಕೆ ಒಪ್ಪಿಸಿಬಿಡಬೇಕು ಎಂದರು ಠಾಣೆಯವರು. ಅಣ್ಣ ಕಾಗದ ಹಿಡಿದು ಬಂದ.

"ಸುಮಾ, ಇಲ್ಲೊಂದು ಸಹಿ ಹಾಕು. ಒಪ್ಪಿಸಿ ಬಿಡುವ. ಆ ತಲೆನೋವು ನನಗೆ ಆವಾಗಲೂ ಬೇಡ ಇತ್ತು. ಮಾವನಿಗೆ ಎಷ್ಟು ಸಲ ಹೇಳಿದ್ದೇನೆ, ಯಾರು ಕೇಳಿದ್ರು?"

ಅವನ ಮುಖ ನೋಡಿ ಪಾಪ ಅನ್ನಿಸಿತು. ಅವನ ಮೇಲೆ ಅಷ್ಟು ವರ್ಷ ಹೊಟ್ಟೆಕಿಚ್ಚು ಪಟ್ಟದ್ದು ದಂಡ. ಅಮ್ಮ ಮೊದಲೇ ತೀರಿಕೊಂಡಿದ್ದ ಕಾರಣ ಕಾಗದದಲ್ಲಿ ವಾರಸುದಾರರೆಂದು ನಮ್ಮಿಬ್ಬರ ಹೆಸರೂ ಇತ್ತು, ನನ್ನದು ಅವನದ್ದರ ಕೆಳಗೇ. ನನ್ನ ಹೆಸರಿಗೆ ಅರ್ಜಿ ಹಾಕುವ ಎನ್ನುವ ಮಾತು ಗಂಟಲಿನವರೆಗೆ ಬಂತು. ಟೀಚರಮ್ಮನಿಗೆ ಕೋವಿಯ ಮರುಳು ಎಂದು ಊರು ನಗಬಹುದು ಎಂದು ಹೆದರಿದೆ. ಸಹಿ ಹಾಕಿದೆ.

ಮೊನ್ನೆ ಪಂಚಾಯತ್ ಮೆಂಬರು ಫೋನು ಮಾಡಿದರು. ಈಗ ಹಂದಿಗಳು ಹಗಲಿಗೇ ಅಂಗಳಕ್ಕೆ ಬರುತ್ತವೆ. ಮರಗೆಣಸು ನೆಡುವುದನ್ನು ನಮ್ಮಲ್ಲಿ ಎಲ್ಲರೂ ಬಿಟ್ಟಾಗಿದೆ. ಬ್ಯಾರಿ ಇಲ್ಲ, ಭಟ್ರಿಲ್ಲ, ಜಗಲಿಯಲ್ಲಿ ಕೂತು ಜಗಳಾಡುವವರೇ ಇಲ್ಲ.

"ಟೀಚರೇ, ಹಂದಿ ಹೊಡೀಲಿಕ್ಕೆ ಆರ್ಡರ್ ಆಗಿದೆ, ಲೈಸೆನ್ಸ್ ಇದ್ದವರೇ ಸಿಗುದಿಲ್ಲ. ನಿಮ್ಮ ಮಾವನದ್ದೊಂದು ಕೋವಿ ಇತ್ತಲ್ಲ?"

"ಅದನ್ನು ಒಪ್ಪಿಸಿ ಆಯ್ತು."

"ಛೆ! ಕೊಡುವ ಮೊದಲು ಮನೆಯಲ್ಲಿ ಯಾರಿಗಾದರೂ ಬೇಕಾ ಅಂತ ಒಂದು ಮಾತು ಕೇಳಬಾರದಿತ್ತಾ?"

ನಾನು ಫೋನು ಇಟ್ಟೆ. ಮಾವ ನನ್ನನ್ನು ಕೇಳಲಿಲ್ಲ, ಅಮ್ಮ ಕೇಳಲಿಲ್ಲ, ಅಣ್ಣನಿಗೂ ಕೇಳಬೇಕೆಂದು ತೋಚಲಿಲ್ಲ. ಅವರನ್ನು ಬೈಯುತ್ತಾ ಇಷ್ಟು ವರ್ಷ ಕಳೆದೆ, ಇನ್ನೂ ಬೈಯಬಲ್ಲೆ. ಹದಿಮೂರರಲ್ಲಿ ಮೂವರು ಗಂಡಸರ ಎದುರು ನಿಂತು ನನಗೆ ಬೇಕು ಎಂದ ಹುಡುಗಿಯೊಬ್ಬಳು ಇದ್ದಳು. ಬೇಕು ಎಂದರೆ ಸಾಕಿದ್ದ ದಿನ, ಹೊಡೆಯುವವರು ಯಾರೂ ಇಲ್ಲದ ದಿನ, ಅವಳ ಬಾಯಿ ಮುಚ್ಚಿಸಿದವಳು ನಾನೇ.