ಅಮ್ಮನ ಅಲಸಂಡೆಯಲ್ಲಿ ನಾಲ್ಕು ಪೀಕು

ಲ್ಯಾಬಿನಲ್ಲಿ ಕೆಲಸ ಎಂದರೆ ನಮ್ಮ ಕಡೆ ರಕ್ತ ತೆಗೆಯುವ ಕೆಲಸ ಎಂದೇ ಲೆಕ್ಕ. ನಮ್ಮೂರು ಬಿಜೂರಿನಲ್ಲಿ ಬಸ್ಸಿಗೆ ಕಾಯುತ್ತ ನಿಂತರೆ ಯಾರಾದರೊಬ್ಬರು ಕೈ ಚಾಚಿ, "ಏ ಹೆಣೆ, ನಂಗೆ ಶುಗರ್ ಇತ್ತಾ ಒಂಚೂರ್ ಕಾಣ್" ಎನ್ನುತ್ತಾರೆ. ನಾನು ನೋಡುವುದು ಮನುಷ್ಯರನ್ನಲ್ಲ, ತರಕಾರಿಯನ್ನು ಎಂದರೆ ಮುಖ ಸಣ್ಣದು ಮಾಡಿಕೊಂಡು ಕೈ ಹಿಂದೆ ತೆಗೆದುಕೊಳ್ಳುತ್ತಾರೆ. ವಂಡ್ಸೆಯ ದೊಡ್ಡಮ್ಮ ಮಾತ್ರ ಕಣ್ಣರಳಿಸಿ, "ತರ್ಕಾರಿಗೂ ಶುಗರ್ ಬತ್ತಾ?" ಎಂದು ಕೇಳಿದ್ದರು.

ನಮ್ಮ ಲ್ಯಾಬು ಇರುವುದು ಬ್ರಹ್ಮಾವರದ ಹತ್ತಿರ. ಅಂಗಡಿಯವರು, ಹೊರದೇಶಕ್ಕೆ ಕಳಿಸುವವರು ತಮ್ಮ ತರಕಾರಿ, ಹಣ್ಣು ತಂದು ಕೊಡುತ್ತಾರೆ. ಅದರಲ್ಲಿ ಕೀಟನಾಶಕ ಎಷ್ಟು ಉಳಿದಿದೆ ಎಂದು ನಾವು ಹುಡುಕುತ್ತೇವೆ. ಕೆಲಸದ ಅರ್ಧ ಭಾಗ ಶುದ್ಧ ಅಡುಗೆಮನೆಯದ್ದೇ. ಹೆಚ್ಚುವುದು, ಮಿಕ್ಸಿಯಲ್ಲಿ ರುಬ್ಬುವುದು, ದ್ರಾವಕ ಹೊಯ್ದು ಕುಲುಕುವುದು, ಗರಗರ ತಿರುಗಿಸಿ ಮೇಲಿನ ತಿಳಿ ತೆಗೆಯುವುದು. ಆ ತಿಳಿಯನ್ನು ಮೆಷಿನ್ನಿಗೆ ಕೊಟ್ಟರೆ ಪರದೆಯ ಮೇಲೆ ಒಂದು ಗೆರೆ ಓಡುತ್ತದೆ. ಕೀಟನಾಶಕದ ಮದ್ದು ಇದ್ದ ಕಡೆ ಗೆರೆ ಮೇಲೆದ್ದು ಇಳಿಯುತ್ತದೆ. ಅದಕ್ಕೆ ಪೀಕು ಎನ್ನುತ್ತೇವೆ. ಇಷ್ಟೆಲ್ಲ ರುಬ್ಬಿ ಕೊನೆಗೆ ಎಲ್ಲವನ್ನೂ ಚೆಲ್ಲುತ್ತೀರಿ ಎಂಬುದು ಅಮ್ಮನ ದೊಡ್ಡ ತಕರಾರು.

ಈ ಕೆಲಸಕ್ಕೆ ಮೊದಲು ಬೇಕಾದದ್ದು ಏನೂ ಇಲ್ಲದ ತರಕಾರಿ. ಮದ್ದಿನ ಸೋಂಕೇ ಇಲ್ಲದ ಅಲಸಂಡೆ ಸಿಕ್ಕಿದರೆ ಅದಕ್ಕೆ ನಾವೇ ಅಳತೆ ಮಾಡಿ ಮದ್ದು ಸೇರಿಸಿ, ಇಷ್ಟು ಹಾಕಿದರೆ ಪೀಕು ಇಷ್ಟೆತ್ತರ ಎಂದು ತಿಳಿದುಕೊಳ್ಳಬಹುದು. ಆಮೇಲೆ ಉಳಿದ ಅಲಸಂಡೆಗಳ ಯೋಗ್ಯತೆ ಅಳೆಯಬಹುದು. ಅಂಥ ಶುದ್ಧ ತರಕಾರಿಗೆ ಬ್ಲ್ಯಾಂಕ್ ಎಂದು ಹೆಸರು. ಅದನ್ನು ಹುಡುಕುವುದೆಂದರೆ ಚಟವಿಲ್ಲದ ಗಂಡು ಹುಡುಕಿದ ಹಾಗೆ. ಎಲ್ಲರೂ ನಮ್ಮಲ್ಲಿದೆ ಎನ್ನುತ್ತಾರೆ, ಹತ್ತಿರ ಹೋದರೆ ಇರುವುದಿಲ್ಲ.

ಆ ವಾರ ಅಲಸಂಡೆಗೆ ಬ್ಲ್ಯಾಂಕ್ ಸಿಗದೆ ನಮ್ಮ ಮೇಡಂ ತಲೆ ಕೆಡಿಸಿಕೊಂಡಿದ್ದರು. ನಾನು ಎದೆಯುಬ್ಬಿಸಿ, "ನಮ್ಮನೆಯದ್ದು ತರುತ್ತೇನೆ" ಎಂದೆ.

ಹಾಗೆ ಹೇಳುವುದಕ್ಕೆ ನನಗೆ ಹಕ್ಕಿತ್ತು. ಭತ್ತದ ಕೊಯ್ಲಾದ ಮೇಲೆ ಅಮ್ಮ ಗದ್ದೆಯಲ್ಲಿ ಅಲಸಂಡೆ ಹಾಕುತ್ತಾಳೆ. ಗಿಡಕ್ಕೆ ಹೇನು ಬಿದ್ದರೆ ಬೂದಿ ಎರಚುತ್ತಾಳೆ, ಗಂಜಿತಿಳಿ ಚಿಮುಕಿಸುತ್ತಾಳೆ, ಅದಕ್ಕೂ ಬಗ್ಗದಿದ್ದರೆ ಬೈಯುತ್ತಾಳೆ. ಕೊಯ್ದದ್ದನ್ನು ಬಸ್ಸಿನಲ್ಲಿ ಬೈಂದೂರಿಗೆ ಒಯ್ದು ಖಾಯಂ ಮನೆಗಳಿಗೆ ಕೊಡುತ್ತಾಳೆ. ಬಸ್ಸು ಹತ್ತಿದ ಕೂಡಲೇ ಅವಳ ಪ್ರಚಾರ ಶುರು: "ಒಂದ್ ಹನಿ ಮದ್ದ್ ಮುಟ್ಸಲಿಲ್ಲ. ಬೇಕಾರೆ ನನ್ ಮಗಳ ಲ್ಯಾಬಗೆ ಹಾಕ್ಸಿ ಕಾಣಿ!" ಕಂಡಕ್ಟರಿಗೂ ಅದು ಬಾಯಿಪಾಠವಾಗಿತ್ತು. ಬೈಂದೂರಿನ ಹೆಂಗಸರು ಸಣ್ಣ ಮಕ್ಕಳ ಅನ್ನಕ್ಕೆ ಅಮ್ಮನ ತರಕಾರಿಯನ್ನೇ ಕಾದು ತೆಗೆದುಕೊಳ್ಳುತ್ತಿದ್ದರು. ಅಮ್ಮನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಬೇರೆ ಇರಲಿಲ್ಲ.

ಮಾರಲು ಕಟ್ಟಿಟ್ಟಿದ್ದ ಒಂದು ಕಟ್ಟು ತಂದೆ. ಅಮ್ಮನ ಅಲಸಂಡೆಯ ತಿಳಿ ಮೆಷಿನ್ನಿಗೆ ಹೋಯಿತು. ಗೆರೆ ಸಾಧುವಿನ ಹಾಗೆ ನೆಟ್ಟಗೆ ಬಂದು, ಕೊನೆಯ ಹೊತ್ತಿಗೆ ಎದ್ದು ನಿಂತಿತು. ಒಂದಲ್ಲ, ನಾಲ್ಕು ಪೀಕು. ನೋಡಿದ ಕೂಡಲೇ ಮದ್ದಿನ ಗುರುತು ಸಿಕ್ಕಿತು, ಸೈಪರ್‌ಮೆಥ್ರಿನ್. ಅದು ಒಂಟಿಯಾಗಿ ಬರುವುದೇ ಇಲ್ಲ, ಮದುವೆಮನೆಯ ಫೋಟೋಗೆ ನಿಂತ ಅಕ್ಕತಂಗಿಯರ ಹಾಗೆ ನಾಲ್ಕೂ ಒತ್ತಿಕೊಂಡು ನಿಲ್ಲುತ್ತವೆ.

ಮೇಡಂ ಮೈಸೂರು ಕಡೆಯವರು, ಮೆದು ಮಾತು. "ಬೇಜಾರು ಮಾಡಿಕೋಬೇಡಿ, ನಿಮ್ಮ ತಾಯಿಗೆ ಗೊತ್ತಿಲ್ಲದೆ ಯಾರಾದರೂ ಹೊಡೆದಿರಬಹುದು" ಎಂದರು. ನನಗೆ ಸಿಟ್ಟು ಬಂತು, ಮೇಡಂ ಮೇಲಲ್ಲ, ಮೆಷಿನ್ ಮೇಲೆ. ಬರೀ ದ್ರಾವಕ ಹಾಕಿ ನೋಡಿದೆ, ಗೆರೆ ಸ್ವಚ್ಛ. ಮತ್ತೆ ಅಲಸಂಡೆ ಹಾಕಿದೆ, ಮತ್ತೆ ಅದೇ ನಾಲ್ಕು ಅಕ್ಕತಂಗಿಯರು.

ಶನಿವಾರ ಸಂಜೆ ಮನೆಗೆ ಹೋಗಿ ವಿಷಯ ಹೇಳಿದೆ.

"ನಿನ್ ಮೆಷಿನ್ ಹಾಳಾಯ್ತ್" ಎಂದಳು ಅಮ್ಮ.

"ಮೆಷಿನ್ ಸಮಾ ಇತ್ತ್ ಅಮ್ಮ."

"ಹಂಗಾರೆ ನಾನ್ ಸುಳ್ಳ್ ಹೇಳ್ತೆ ಅಂತ್ಯಾ?"

ಅಮ್ಮ ಊಟ ಬಡಿಸಿದಳು. ಸೌಟು ಪಾತ್ರೆಗೆ ತಾಗುವ ಸದ್ದಿನಲ್ಲೇ ಅವಳ ಸಿಟ್ಟೆಷ್ಟು ಎಂದು ತಿಳಿಯುತ್ತಿತ್ತು. ನಾನು ಇನ್ನಷ್ಟು ಸಾರು ಕೇಳಲಿಲ್ಲ.

ಊಟವಾದ ಮೇಲೆ ಅವಳು ಜಗಲಿಗೆ ಹೋಗಿ ಮರುದಿನದ ತಯಾರಿಗೆ ಕೂತಳು. ಸಂಜೆ ಕೊಯ್ದ ಅಲಸಂಡೆಯನ್ನು ಗೋಣಿಯ ಮೇಲೆ ಹರಡಿದಳು. ಅಲಸಂಡೆಯ ಹಿಂದೆ ಇರುವೆ ಬರುವುದು ಇದ್ದದ್ದೇ, ಹೇನಿನ ಆಸೆಗೆ ಗದ್ದೆಯಿಂದ ಅವೂ ಸವಾರಿ ಮಾಡುತ್ತವೆ. ಅಮ್ಮ ಕಿಟಕಿಯ ದಂಡೆಯಿಂದ ಇರುವೆ ಚಾಕ್ ತೆಗೆದು ಗೋಣಿಯ ಸುತ್ತ ದಪ್ಪ ಗೆರೆ ಎಳೆದಳು. ಭದ್ರಕ್ಕಿರಲಿ ಎಂದು ಗೋಣಿಯ ಮೇಲೂ ಒಂದು ಸುತ್ತು ಎಳೆದಳು. ಬಿಳಿಯಾದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಅದೇ ಕೈಯಲ್ಲಿ ಅಲಸಂಡೆ ಜೋಡಿಸಿ ಬಾಳೆನಾರಿನಿಂದ ಕಟ್ಟು ಕಟ್ಟತೊಡಗಿದಳು.

ನಾನು ಬಾಯಿ ತೆರೆದುಕೊಂಡು ನಿಂತೆ. ಎಷ್ಟೋ ವಾರದಿಂದ ಈ ಗೆರೆಯನ್ನು ದಾಟಿಕೊಂಡೇ ಒಳಗೆ ಹೊರಗೆ ಓಡಾಡಿದ್ದೆ.

"ಅಮ್ಮ, ಆ ಚಾಕಗೆ ಇಪ್ಪುದೂ ಅದೇ ಮದ್ದ್!"

"ಎಂತ ಮದ್ದ್? ಮದ್ದ್ ಅಂದ್ರೆ ಪಂಪಗೆ ಹೊಡುದ್. ಇದ್ ಗೆರೆ ಎಳುದ್."

ನಗು ತಡೆಯಲಾಗಲಿಲ್ಲ. ಆದರೆ ಅಮ್ಮ ಕೈಯಲ್ಲಿದ್ದ ಕಟ್ಟನ್ನು ಕೆಳಗಿಟ್ಟು ತನ್ನ ಬೆರಳುಗಳನ್ನು ನೋಡಿಕೊಂಡಾಗ ನಗು ಅಲ್ಲೇ ನಿಂತಿತು. ಅವಳು ಒಂದೊಂದೇ ಕಟ್ಟು ಬಿಚ್ಚಿದಳು. ಸಮಾಧಾನ ಮಾಡಲು, "ಭಾರಿ ಸ್ವಲ್ಪ ಇಪ್ಪುದ್ ಅಮ್ಮ, ತೊಳ್ದ್ರೆ ಸುಮಾರ್ ಹೋತ್ತ್. ಇನ್ಮೇಲೆ ಚಾಕ್ ಬೇಡ, ಆಯ್ತಲ್ಲ. ಯಾರಿಗೂ ಹೇಳುದೆಂತಕೆ?" ಎಂದೆ.

"ಬಸ್ಸಗೆ ಕೂಗಿ ಹೇಳ್ದವ್ಳ್ ನಾನಲ್ದಾ?" ಎಂದಳು.

ಮರುದಿನ ಬೆಳಿಗ್ಗೆ ಖಾಲಿ ಚೀಲ ಹಿಡಿದು ಬೈಂದೂರಿಗೆ ಹೊರಟಳು. ನಾನೂ ಹಿಂದಿನಿಂದ ಹೋದೆ. ಬಸ್ಸಿನಲ್ಲಿ ಪ್ರಚಾರ ಇಲ್ಲದ್ದು ನೋಡಿ ಕಂಡಕ್ಟರು ಹುಷಾರಿಲ್ಲವಾ ಎಂದು ಕೇಳಿದ. ಮನೆ ಮನೆಯ ಗೇಟಿನಲ್ಲಿ ನಿಂತು ಅಮ್ಮ, "ಹ್ವಾಯ್, ನಾನ್ ಕೊಟ್ಟ ಅಲಸಂಡೆಯಗೆ ಮದ್ದ್ ಇದ್ದಿತ್ತ್. ಚಾಕಿಂದ್. ನಂಗ್ ಗೊತ್ತಿರ್ಲಿಲ್ಲ. ಉಳ್ದದ್ದ್ ಇದ್ರೆ ಬಿಸಾಡಿ, ಬೇರೆ ಕೊಡ್ತೆ" ಎಂದಳು. ನಾನು ನಾಲ್ಕು ಹೆಜ್ಜೆ ಹಿಂದೆಯೇ ನಿಂತೆ. ಎಲ್ಲರೂ ಬೈಯುತ್ತಾರೆ ಎಂದುಕೊಂಡಿದ್ದೆ, ಯಾರೂ ಬೈಯಲಿಲ್ಲ.

ಕೊನೆಯ ಮನೆಯಾಕೆ ಮೊಮ್ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಂದು ಎಲ್ಲ ಕೇಳಿ ನಕ್ಕುಬಿಟ್ಟರು. "ಇಷ್ಟಕ್ಕೆ ಬಿಜೂರಿಂದ ಬಂದ್ರ್ಯಾ? ನಮ್ಮನ್ಯಗೆ ಅಕ್ಕಿ ಡಬ್ಬದ ಸುತ್ತ, ಸಕ್ರಿ ಡಬ್ಬದ ಸುತ್ತ ನಾನೂ ಎಳಿತೆ ಮಾರಾಯ್ರೆ!"

"ನೀವ್ ಎಳ್ಕಣಿ" ಎಂದಳು ಅಮ್ಮ. "ನಿಮ್ಮನ್ಯದ್ದ್ ನೀವ್ ತಿಂಬುದ್. ನಾನ್ ಮಾರುದ್."

ಆಕೆಯ ನಗು ನಿಂತಿತು. ಮಗುವಿನ ಕೈ ಬಾಯಲ್ಲಿತ್ತು, ಮೆಲ್ಲಗೆ ಹೊರಗೆ ತೆಗೆದರು. ಮಾರನೆಯ ದಿನ ಈ ಕತೆ ಹೇಳಿದಾಗ ನಮ್ಮ ಮೇಡಂ ಕೂಡ ಯಾಕೋ ಮನೆಗೆ ಫೋನ್ ಮಾಡಲು ಹೊರಗೆ ಎದ್ದು ಹೋದರು.

ಈಗ ಅಮ್ಮನ ಜಗಲಿಯಲ್ಲಿ ಗೋಣಿ ಇಲ್ಲ. ಸ್ಟೂಲಿನ ನಾಲ್ಕು ಕಾಲಿಗೆ ನಾಲ್ಕು ಕರಟ, ಕರಟದ ತುಂಬ ನೀರು, ಸ್ಟೂಲಿನ ಮೇಲೆ ಹೊಸ ಬುಟ್ಟಿ. ಇರುವೆಗಳು ಕರಟದ ಅಂಚಿಗೆ ಬಂದು ಮೀಟಿಂಗ್ ಮಾಡಿ ವಾಪಸ್ ಹೋಗುತ್ತವೆ. ಆದರೆ ಲ್ಯಾಬಿನಿಂದ ಮಾತು ಬರುವ ತನಕ ಅಮ್ಮ ಒಂದು ಕಟ್ಟನ್ನೂ ಮಾರಲಿಲ್ಲ. ಬುಟ್ಟಿಯಿಂದ ಒಂದು ಕಟ್ಟು ನನ್ನ ಚೀಲಕ್ಕೆ ಹಾಕಿದಳು, ಉಳಿದದ್ದು ನಾವೇ ತಿಂದೆವು. ಪಲ್ಯ, ಹುಳಿ, ಮತ್ತೆ ಪಲ್ಯ.

ಮೆಷಿನ್ನಿಗೆ ಹಾಕಿ ಪರದೆಯ ಎದುರು ಕೂತೆ. ಗೆರೆ ಆ ಜಾಗಕ್ಕೆ ಬಂತು, ಎಲ್ಲೂ ಏಳದೆ ಹಾಗೆಯೇ ಮುಂದೆ ಹೋಯಿತು. ಕೂಡಲೇ ಅಮ್ಮನಿಗೆ ಫೋನ್ ಮಾಡಿದೆ.

"ಎಂತ ಬಂತ್?"

"ಎಂತದೂ ಬರ್ಲಿಲ್ಲ ಅಮ್ಮ."

ಈಗ ಜಂಬ ಕೊಚ್ಚುತ್ತಾಳೆ ಎಂದು ಕಾದೆ.

"ಸಮಾ ಕಂಡ್ಯಾ?" ಎಂದಳು. "ಮೆಷಿನ್ ಹಾಳಾಗಿಪ್ಪುಕೂ ಸಾಕ್. ಇನ್ನೊಂದ್ ಸಲ ಹಾಕ್. ನಾಳೆ ನಂಗೆ ಬೈಂದೂರಿಗೆ ಹೋಯ್ಕ್."

ಇನ್ನೊಂದು ಸಲ ಹಾಕಿದೆ.